ಸತತ ಸೋಲು: ನಿಕ್ ಸೇಬನ್ ಅವರಿಂದ ನಮ್ಮ ಕಾಲೇಜು ಕೋಚ್‌ಗಳು ಏನು ಕಲಿಯಬಹುದು?

ಬಸವನಗುಡಿ_ಕೋಚ್: ನಮಸ್ಕಾರ. ಈ ವರ್ಷ ಬೆಂಗಳೂರಿನ ಒಂದು ಕಾಲೇಜಿನ ಫುಟ್‌ಬಾಲ್ ಟೀಮಿಗೆ ಕೋಚ್ ಆಗಿದ್ದೇನೆ. ಮೂರು ಮ್ಯಾಚ್ ಆಡಿದೆವು, ಮೂರೂ ಸೋತೆವು. ಹುಡುಗರು ಪ್ರಾಕ್ಟೀಸಿಗೆ ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ, ನೋಡಿದರೆ ಸಂಕಟ ಆಗುತ್ತದೆ. ಅಮೆರಿಕದ ನಿಕ್ ಸೇಬನ್ ಕಾಲೇಜು ಟೀಮುಗಳನ್ನು 7 ಸಲ ರಾಷ್ಟ್ರೀಯ ಚಾಂಪಿಯನ್ ಮಾಡಿದವರು. ಅವರದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ನಮ್ಮದು ಬೇರೆ, ಗೊತ್ತು. ಆದರೂ ಅವರು ಸೋತಾಗ ಹುಡುಗರನ್ನು ಹೇಗೆ ನಡೆಸಿಕೊಂಡರು, ಗೊತ್ತಿದ್ದವರು ಹೇಳಿ.

ಹಲಸೂರು_79: ಸರ್, ಅವರೂ ಚೆನ್ನಾಗಿಯೇ ಸೋತಿದ್ದಾರೆ. ಮಯಾಮಿ ಡಾಲ್ಫಿನ್ಸ್ ಅನ್ನೋ ವೃತ್ತಿಪರ ಟೀಮಿನಲ್ಲಿ 2 ವರ್ಷ ಇದ್ದರು, 15 ಗೆಲುವು, 17 ಸೋಲು. ಆಮೇಲೆ 2007ರಲ್ಲಿ ಅಲಬಾಮಾ ಯೂನಿವರ್ಸಿಟಿ ಟೀಮಿಗೆ ಬಂದರು. ಮೊದಲ ವರ್ಷ 7 ಗೆದ್ದು 6 ಸೋತರು, ಅದರಲ್ಲೂ ಲೂಸಿಯಾನಾ-ಮನ್ರೋ ಅನ್ನೋ ಸಣ್ಣ ಟೀಮಿಗೆ ಸ್ವಂತ ಮೈದಾನದಲ್ಲೇ ಸೋತರು. 2009ಕ್ಕೆ ಅದೇ ಅಲಬಾಮಾ ಆಡಿದ 14ನ್ನೂ ಗೆದ್ದು ಚಾಂಪಿಯನ್ ಆಯಿತು. ನಿಮ್ಮದು ಇನ್ನೂ ಮೂರೇ ಮ್ಯಾಚ್ ಅಲ್ವಾ?

ಪಿಇ_ಮೇಷ್ಟ್ರು: ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 1998ರ ಕಥೆ. ಆಗ ಅವರು ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ ಕೋಚ್, ಎದುರಿಗೆ ನಂಬರ್ 1 ಒಹಾಯೋ ಸ್ಟೇಟ್. ಲಯನಲ್ ರೋಸನ್ ಅನ್ನೋ ಮನೋವೈದ್ಯರ ಮಾತು ಕೇಳಿ ಹುಡುಗರಿಗೆ ಹೇಳಿದ್ದು ಇಷ್ಟೇ: ಸ್ಕೋರು ಬಿಡಿ, ಈಗಿನ ಒಂದು ಸುತ್ತು ನೋಡಿ, ಮುಗಿದ ಮೇಲೆ ಮರೆತು ಮುಂದಿನದಕ್ಕೆ ಹೋಗಿ. ಅವರ ಆಟದಲ್ಲಿ ಒಂದು ಸುತ್ತು, ಅಂದರೆ ಚೆಂಡು ಒಂದು ಸಲ ಓಡಾಡಿ ನಿಲ್ಲುವುದಕ್ಕೆ ಸುಮಾರು 7 ಸೆಕೆಂಡು, ಅದಕ್ಕೇ ಆ ಮಾತು ಹುಡುಗರ ಕೈಗೆ ಸಿಕ್ಕಿತು. 24-9 ಹಿಂದೆ ಇದ್ದವರು 28-24ಕ್ಕೆ ಗೆದ್ದರು. ನಮ್ಮಲ್ಲಿ ಆಟ ಹಾಗೆ ನಿಂತು ನಿಂತು ಸಾಗುವುದಿಲ್ಲ, ಅದಕ್ಕೆ ನಾನು ಥ್ರೋ-ಇನ್‌ನಿಂದ ಥ್ರೋ-ಇನ್‌ಗೆ ಲೆಕ್ಕ ಇಡಲು ಹೇಳುತ್ತೇನೆ.

ಗೋಲ್‌ಕೀಪರ್_ಅಪ್ಪ: ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ದೇಶವೆಲ್ಲ ಹುಡುಕಿ ಸ್ಕಾಲರ್‌ಶಿಪ್ ಕೊಟ್ಟು ಆಟಗಾರರನ್ನು ತರುತ್ತಾರೆ. ನಮ್ಮ ಮಕ್ಕಳು ಲ್ಯಾಬ್ ಮುಗಿಸಿ, ಎರಡು ಬಸ್ ಬದಲಾಯಿಸಿ ಮೈದಾನಕ್ಕೆ ಬರುತ್ತಾರೆ. ಆ ಶಿಸ್ತನ್ನು ಹಾಗೇ ತಂದು ಹೇರಬೇಡಿ. ಆದರೆ 2018ರ ಜನವರಿ ಫೈನಲ್ ವಿಷಯ ಹುಡುಗರಿಗೆ ಖಂಡಿತ ಹೇಳಿ. ಜಾರ್ಜಿಯಾ ಟೀಮಿನ ವಿರುದ್ಧ ಅಲಬಾಮಾ ಅರ್ಧ ಆಟಕ್ಕೆ 13-0 ಹಿಂದೆ. ಸೇಬನ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಟುವಾ ಅನ್ನೋ ಹುಡುಗನನ್ನು ಆ ಜಾಗಕ್ಕೆ ಇಳಿಸಿದರು, 26-23ಕ್ಕೆ ಗೆದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಟುವಾಗೆ ಪೆಟ್ಟಾಯಿತು, ಬೆಂಚಲ್ಲಿದ್ದ ಹರ್ಟ್ಸ್ ಬಂದು ಅದೇ ಜಾರ್ಜಿಯಾ ವಿರುದ್ಧ ಗೆಲ್ಲಿಸಿದ. ನನ್ನ ಮಗ ಇಡೀ ವರ್ಷ ಬೆಂಚಲ್ಲೇ ಕೂತಿದ್ದ. ಒಬ್ಬರಾದರೂ ಅವನಿಗೆ ಇದನ್ನು ಹೇಳಿದ್ದರೆ ಆಟ ಬಿಡುತ್ತಿರಲಿಲ್ಲ.

ಬಸವನಗುಡಿ_ಕೋಚ್: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮಲ್ಲೂ ಬೆಂಚಲ್ಲಿ ಐದು ಜನ ಇದ್ದಾರೆ, ಮೂರು ವಾರದಿಂದ ನಾನು ಅವರ ಜೊತೆ ಸರಿಯಾಗಿ ಮಾತೇ ಆಡಿಲ್ಲ. ನಾಳೆ ಪ್ರಾಕ್ಟೀಸಿಗೆ ಮೊದಲು ಅವರನ್ನೇ ಕರೆದು ಕೂರಿಸಿಕೊಳ್ಳುತ್ತೇನೆ.