ಹಡಗಿನ ಸ್ಲಡ್ಜ್ ತುಂಬಿದ ಬಾರ್ಜ್ ಮಂಗಳೂರಿನಿಂದ ಕೊಚ್ಚಿಗೆ: ಯಾವ ಯಾವ ಪರವಾನಗಿ ಬೇಕು?

ಪಣಂಬೂರು_ಬಾರ್ಜ್:
ನವಮಂಗಳೂರು ಬಂದರಿಗೆ ಬರುವ ಹಡಗುಗಳಿಂದ ಇಂಜಿನ್ ರೂಮಿನ ಸ್ಲಡ್ಜ್ (ಎಣ್ಣೆಯ ಕೆಸರು) ಮತ್ತು ಬಿಲ್ಜ್ ನೀರು (ಹಡಗಿನ ತಳದಲ್ಲಿ ಸೇರುವ ಎಣ್ಣೆ ನೀರು) ಇಳಿಸಿಕೊಳ್ಳಲು ಒಂದು ಬಾರ್ಜ್ ಸಿದ್ಧವಾಗುತ್ತಿದೆ. ಸ್ವಂತ ಇಂಜಿನ್ ಇದೆ, 180 ಜಿಟಿ (ಗ್ರಾಸ್ ಟನೇಜ್, ಹಡಗಿನ ಗಾತ್ರದ ಅಳತೆ), ಟ್ಯಾಂಕುಗಳೆಲ್ಲ ಸೇರಿ 250 ಘನ ಮೀಟರ್. ಸದ್ಯಕ್ಕೆ ಕೈಯಲ್ಲಿರುವುದು ಬಂದರಿನ ಹಾರ್ಬರ್ ಕ್ರಾಫ್ಟ್ ಲೈಸೆನ್ಸ್ ಮಾತ್ರ. ಇಳಿಸಿಕೊಂಡದ್ದನ್ನು ಟ್ಯಾಂಕರ್ ಲಾರಿಗೆ ಹಾಕುವ ಬದಲು ಬಾರ್ಜಿನಲ್ಲೇ ಕೊಚ್ಚಿಯ ಒಂದು ಮರುಸಂಸ್ಕರಣಾ ಘಟಕಕ್ಕೆ ಒಯ್ಯುವ ಯೋಚನೆ.

ಕೇಳಬೇಕಾದ್ದು ಇಷ್ಟು. ಹಡಗಿನ ತ್ಯಾಜ್ಯಕ್ಕೆ ಅಪಾಯಕಾರಿ ತ್ಯಾಜ್ಯ ನಿಯಮ ಅನ್ವಯಿಸುವುದಿಲ್ಲ, ಮರ್ಚಂಟ್ ಶಿಪ್ಪಿಂಗ್ ಕಾಯ್ದೆ ಸಾಕು ಎಂದು ಸಲಹೆಗಾರರೊಬ್ಬರು ಹೇಳುತ್ತಾರೆ. ಹೌದೇ? ತ್ಯಾಜ್ಯದ ಜೊತೆ ಹೋಗುವ ಸಾಗಣೆ ಪತ್ರದಲ್ಲಿ, ಅಂದರೆ ಮ್ಯಾನಿಫೆಸ್ಟಿನಲ್ಲಿ, ಕಳುಹಿಸುವವರ ಜಾಗಕ್ಕೆ ಯಾರ ಹೆಸರು? ಯಾವ ಅರ್ಜಿಯನ್ನು ಮೊದಲು ಹಾಕಬೇಕು?

ಫಾರ್ಮ್_ಹತ್ತು:
ಸಲಹೆಗಾರರು ನಿಯಮದ ಅರ್ಧ ಸಾಲು ಮಾತ್ರ ಓದಿದ್ದಾರೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯ ನಿಯಮಗಳ 2ನೇ ನಿಯಮದಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದು ತೀರದ ಆಧಾರರೇಖೆಯಿಂದ 5 ಕಿಲೋಮೀಟರಿಗೆ ಆಚೆ ಹಡಗು ನಡೆಸುವಾಗ ಉಂಟಾಗುವ ತ್ಯಾಜ್ಯಕ್ಕೆ. ಅದೇ ಸ್ಲಡ್ಜ್ ಬಂದರಿನೊಳಗೆ ನಿಮ್ಮ ಹೋಸ್ ದಾಟಿ ನಿಮ್ಮ ಟ್ಯಾಂಕಿಗೆ ಬಿತ್ತು ಎಂದರೆ ಅದು ನೀವು ಸಂಗ್ರಹಿಸಿ ಸಾಗಿಸುವ ಅಪಾಯಕಾರಿ ತ್ಯಾಜ್ಯ. ಷೆಡ್ಯೂಲ್ 1ರ 3ನೇ ಬಾಬು 'ಹಡಗುಗಳೂ ಸೇರಿದಂತೆ' ತೈಲ ಟ್ಯಾಂಕುಗಳ ಸ್ವಚ್ಛತೆ ಎಂದು ಹಡಗಿನ ಹೆಸರನ್ನೇ ಹೇಳುತ್ತದೆ. 3.1 ಎಂದರೆ ಎಣ್ಣೆ ಬೆರೆತ ಕಾರ್ಗೋ ಉಳಿಕೆ, ತೊಳೆದ ನೀರು, ಸ್ಲಡ್ಜ್. 3.3 ಎಂದರೆ ಎಣ್ಣೆ ಹಿಡಿದ ಸ್ಲಡ್ಜ್ ಮತ್ತು ಫಿಲ್ಟರ್.

ಹೆಚ್ಚಿನವರು ಎಡವುವುದು ಇಲ್ಲೇ. ಅರ್ಜಿಯಲ್ಲಿ 5.1, ಅಂದರೆ ಬಳಸಿದ ಎಣ್ಣೆ ಎಂದಷ್ಟೇ ಬರೆದುಬಿಡುತ್ತಾರೆ. ಗ್ಯಾರೇಜಿನಲ್ಲಿ ಬಸಿದ ಲ್ಯೂಬ್ ಆಯಿಲ್ ಬೇರೆ, ಹಡಗಿನ ಎಣ್ಣೆ ಶುದ್ಧಿಯಂತ್ರ (ಪ್ಯೂರಿಫೈಯರ್) ಉಗುಳಿದ ಸ್ಲಡ್ಜ್ ಬೇರೆ. ಕೊಚ್ಚಿಯ ಘಟಕಕ್ಕೆ ಈ ನಿಯಮಗಳ ಕೆಳಗೆ ಸಿಕ್ಕಿರುವ ಅನುಮತಿಯಲ್ಲಿ, ಅಂದರೆ ಆಥರೈಸೇಷನ್ನಿನಲ್ಲಿ, 3ನೇ ಬಾಬು ಇಲ್ಲದಿದ್ದರೆ ನಿಮ್ಮ ಸರಕನ್ನು ಅವರು ಮುಟ್ಟುವ ಹಾಗಿಲ್ಲ. ಹಾಗಾಗಿ ಮೊದಲ ಕೆಲಸ ಅರ್ಜಿಯಲ್ಲ, ಪಡೆಯುವವರ ಆಥರೈಸೇಷನ್ ಪ್ರತಿ ತರಿಸಿಕೊಂಡು ಬಾಬು ಸಂಖ್ಯೆ, ವಾರ್ಷಿಕ ಪ್ರಮಾಣ, ಮುಗಿಯುವ ದಿನಾಂಕ ಈ ಮೂರನ್ನು ನೋಡುವುದು.

ಆಮೇಲೆ ನಿಮ್ಮ ಆಥರೈಸೇಷನ್ನಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಫಾರ್ಮ್ 1ರಲ್ಲಿ ಅರ್ಜಿ. ಜಲ ಮತ್ತು ವಾಯು ಕಾಯ್ದೆಗಳ ಕೆಳಗಿನ ಸಮ್ಮತಿ ಪತ್ರ ಜೊತೆಗಿರಬೇಕು. ಅರ್ಜಿ ಎಲ್ಲ ರೀತಿಯಲ್ಲೂ ಪೂರ್ಣವಾಗಿದ್ದರೆ 120 ದಿನಗಳ ಅವಧಿ, ಸಿಕ್ಕರೆ 5 ವರ್ಷಕ್ಕೆ. 'ಪೂರ್ಣ' ಎಂಬ ಪದಕ್ಕೆ ಗಮನ ಕೊಡಿ. ಬಾರ್ಜಿನ ಟ್ಯಾಂಕ್ ನಕ್ಷೆ, ಸೋರಿಕೆ ತಡೆ ವ್ಯವಸ್ಥೆ, ಪಡೆಯುವ ಘಟಕದ ಒಪ್ಪಂದ ಇಲ್ಲದ ಅರ್ಜಿಗೆ ಪ್ರಶ್ನೆ ಹಾಕಿ ವಾಪಸ್ ಬರುತ್ತದೆ, ದಿನಗಳ ಲೆಕ್ಕವೂ ಮತ್ತೆ ಮೊದಲಿನಿಂದ.

ರಾಜ್ಯ ದಾಟುವುದಕ್ಕೆ 18ನೇ ನಿಯಮ ನೋಡಿ. ಅಂತಿಮ ವಿಲೇವಾರಿಗೆ ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ಎರಡೂ ರಾಜ್ಯಗಳ ಮಂಡಳಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಮರುಬಳಕೆಗೆ ಆದರೆ ಸರಕು ಒಪ್ಪಿಸುವ ಮೊದಲೇ ಎರಡೂ ಮಂಡಳಿಗಳಿಗೆ ತಿಳಿಸಿದರೆ ಸಾಕು. ನಿಮ್ಮದು ಎರಡನೆಯ ಬಗೆ. ಕೊಚ್ಚಿಗೆ ಹೋಗುವಾಗ ನಡುವೆ ಮೂರನೇ ರಾಜ್ಯ ಇಲ್ಲ. ನಾಳೆ ಗುಜರಾತಿನ ಕಡೆ ಹೊರಟರೆ ಗೋವಾ, ಮಹಾರಾಷ್ಟ್ರದ ಮಂಡಳಿಗಳಿಗೂ ಮುಂಚೆ ತಿಳಿಸಿ. ಸಮುದ್ರದಲ್ಲಿ ಹೋಗುತ್ತಿದ್ದೇವಲ್ಲ, ಅವರ ನೆಲ ಮುಟ್ಟುವುದಿಲ್ಲವಲ್ಲ ಎಂಬ ವಾದಕ್ಕೆ ಇಳಿಯಬೇಡಿ. ಒಂದು ಪತ್ರಕ್ಕೆ ತಗಲುವ ಖರ್ಚು ಏನೂ ಅಲ್ಲ.

ಕಳುಹಿಸುವವರ ಹೆಸರು: ಹಡಗು ಎರಡು ದಿನದಲ್ಲಿ ಹೊರಟುಹೋಗುತ್ತದೆ, ಆಮೇಲೆ ಉತ್ತರ ಕೊಡಲು ಉಳಿಯುವವರು ನೀವು. ಆದ್ದರಿಂದ ಆಥರೈಸೇಷನ್ ಇರುವ ನಿಮ್ಮ ಸಂಸ್ಥೆಯೇ ಕಳುಹಿಸುವವರಾಗಲಿ, ವಿವರದ ಕಾಲಂನಲ್ಲಿ ಹಡಗಿನ ಹೆಸರು, ಐಎಂಒ ಸಂಖ್ಯೆ (ಹಡಗಿನ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಇರಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಷರತ್ತಿನಲ್ಲೇ ಬರೆದುಕೊಡುವಂತೆ ಮಂಡಳಿಯನ್ನು ಕೇಳಿ.

ಅಳಿವೆಬಾಗಿಲು:
ಮೇಲಿನವರು ತ್ಯಾಜ್ಯದ ಕಾಗದ ಹೇಳಿದರು, ನಾನು ದೋಣಿಯ ಕಾಗದ ಹೇಳುತ್ತೇನೆ ಮಾರಾಯ್ರೆ. ನಿಮಗೆ ದೊಡ್ಡ ತೊಡಕು ಇರುವುದು ಅಲ್ಲೇ.

ಹಾರ್ಬರ್ ಕ್ರಾಫ್ಟ್ ಲೈಸೆನ್ಸ್ ಬಂದರು ಮಿತಿಯೊಳಗೆ ಮಾತ್ರ. ಬ್ರೇಕ್‌ವಾಟರ್ ದಾಟಿ ಬಂದರು ಮಿತಿಯ ಹೊರಗೆ ಹೋದ ಕೂಡಲೇ ಆ ಲೈಸೆನ್ಸಿಗೆ ಬೆಲೆ ಇಲ್ಲ, ವಿಮೆಯೂ ಅನ್ವಯಿಸುವುದಿಲ್ಲ. ಕರಾವಳಿ ಯಾನಕ್ಕೆ ನೋಂದಣಿ, ಕ್ಲಾಸ್ (ಹಡಗು ವರ್ಗೀಕರಣ ಸಂಸ್ಥೆಯ ಪ್ರಮಾಣ), ಲೋಡ್ ಲೈನ್ (ಎಷ್ಟು ಮುಳುಗುವ ತನಕ ತುಂಬಬಹುದು ಎಂಬ ಗೆರೆ), ಸುರಕ್ಷತಾ ಪ್ರಮಾಣಪತ್ರ ಎಲ್ಲ ಕೇಂದ್ರದ ಡಿಜಿ ಶಿಪ್ಪಿಂಗ್ ಅಧೀನದ ಎಂಎಂಡಿ (ಮರ್ಕಂಟೈಲ್ ಮರೀನ್ ಇಲಾಖೆ) ದಾರಿಯಲ್ಲೇ ಬರಬೇಕು.

ಇನ್ನೊಂದು ವಿಷಯ. ಹಡಗಿನ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್, ಅದರ ಅನೆಕ್ಸ್ 1ರಲ್ಲಿ 'ತೈಲ' ಎಂದರೆ ಕಚ್ಚಾ ತೈಲ, ಫ್ಯುಯೆಲ್ ಆಯಿಲ್ ಮಾತ್ರ ಅಲ್ಲ, ಸ್ಲಡ್ಜ್ ಮತ್ತು ತೈಲ ಕಸವೂ ಸೇರಿದೆ. ಅದನ್ನೇ ಹೊರಲು ಕಟ್ಟಿದ ಬಾರ್ಜ್ ಅಲ್ಲಿ ಆಯಿಲ್ ಟ್ಯಾಂಕರ್ ಆಗುತ್ತದೆ. ಬೇರೆ ಹಡಗುಗಳಿಗೆ ಐಒಪಿಪಿ (ತೈಲ ಮಾಲಿನ್ಯ ತಡೆ) ಪ್ರಮಾಣಪತ್ರ ಮತ್ತು ಸೋಪೆಪ್ (ಎಣ್ಣೆ ಚೆಲ್ಲಿದಾಗಿನ ತುರ್ತು) ಯೋಜನೆಯ ಮಿತಿ 400 ಜಿಟಿ, ಟ್ಯಾಂಕರಿಗೆ 150. ನಿಮ್ಮದು 180! 'ನಾವು 400ಕ್ಕಿಂತ ಸಣ್ಣವರು' ಎಂದು ಕೂತರೆ ಮೊದಲ ತಪಾಸಣೆಯಲ್ಲೇ ಸಿಕ್ಕಿಬೀಳುತ್ತೀರಿ. ಆಯಿಲ್ ರೆಕಾರ್ಡ್ ಬುಕ್ ಕೂಡ ಎರಡು ಬೇಕು: ಇಂಜಿನ್ ರೂಮಿಗೆ ಭಾಗ 1, ಸರಕಿಗೆ ಭಾಗ 2. ಕೊನೆಯ ನಮೂದಾದ ಮೇಲೆ 3 ವರ್ಷ ಇಟ್ಟುಕೊಳ್ಳಬೇಕು. ಡಬಲ್ ಹಲ್ (ಎರಡು ಪದರದ ಹೊರಮೈ) ನಿಯಮ 600 ಡೆಡ್‌ವೇಟ್ ಟನ್‌ನಿಂದ ಮೇಲಕ್ಕೆ, 250 ಘನ ಮೀಟರಿನ ನಿಮಗೆ ತಾಗುವುದಿಲ್ಲ. ಸಿಬ್ಬಂದಿಗೆ ತೈಲ ಮತ್ತು ರಾಸಾಯನಿಕ ಟ್ಯಾಂಕರಿನ ಬೇಸಿಕ್ ತರಬೇತಿ ಆಗಿರಬೇಕು.

ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತರುವ ಟ್ಯಾಂಕರುಗಳ ಸ್ಲಾಪ್ (ಸರಕು ಟ್ಯಾಂಕು ತೊಳೆದ ಎಣ್ಣೆ ನೀರು) ಕೂಡ ತೆಗೆದುಕೊಳ್ಳುವ ಆಸೆ ಉಂಟಾದರೆ ಈಗಲೇ ನಿರ್ಧರಿಸಿ. ಇಂಜಿನ್ ರೂಮಿನ ಸ್ಲಡ್ಜ್‌ನಂತೆ ಅದು ಸುಮ್ಮನಿರುವುದಿಲ್ಲ. ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹತ್ತಿಕೊಳ್ಳುವ ಉಷ್ಣಾಂಶ) 60 ಡಿಗ್ರಿಗಿಂತ ಕೆಳಗಿರಬಹುದು. ಪಂಪಿನ ಮೋಟಾರು, ಡೆಕ್ಕಿನ ದೀಪ, ವೆಂಟ್ ಎಲ್ಲ ಬೇರೆ ದರ್ಜೆಯದು ಬೇಕು. ಕಟ್ಟಿದ ಮೇಲೆ ಬದಲಾಯಿಸುವುದು ದುಬಾರಿ.

ಪಣಂಬೂರು_ಬಾರ್ಜ್:
ತುಂಬಾ ಉಪಕಾರವಾಯಿತು. 150 ಜಿಟಿ ವಿಷಯ ಗೊತ್ತೇ ಇರಲಿಲ್ಲ. ಹಡಗಿನ ಪಕ್ಕದಲ್ಲಿ ನಿಂತು ಇಳಿಸಿಕೊಳ್ಳುವಾಗ ಕಾಗದ ಎಲ್ಲಿ ತಪ್ಪುತ್ತದೆ? ಕಸ್ಟಮ್ಸ್‌ಗೂ ಹೇಳಬೇಕೇ?

ಆರು_ಬೋಲ್ಟ್:
ಕಸ್ಟಮ್ಸ್‌ಗೆ ಖಂಡಿತ ಹೇಳಬೇಕು. ವಿದೇಶಿ ಯಾನದ ಹಡಗಿನಿಂದ ಇಳಿಯುವ ಸ್ಲಡ್ಜ್ ಅವರ ಕಣ್ಣಿಗೆ ಸರಕೇ. ಕಸ್ಟಮ್ಸ್ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಆಮದು ಸರಕು ನೀರಿನ ಮೇಲೆ ದೋಣಿಯಲ್ಲಿ ಬರುವಾಗ ಜೊತೆಗೆ ಬೋಟ್ ನೋಟ್ ಇರಬೇಕು. ಹಡಗಿನ ಏಜೆಂಟರ ಮೂಲಕ ಮುಂಚೆಯೇ ಅನುಮತಿ ಮಾಡಿಸಿ. ಹಡಗಿನವರು ಕನಿಷ್ಠ 24 ಗಂಟೆ ಮೊದಲು ತ್ಯಾಜ್ಯದ ಮುಂಗಡ ಸೂಚನಾ ಪತ್ರ ಕಳಿಸುತ್ತಾರೆ. ಅದರಲ್ಲಿರುವ ಪ್ರಮಾಣವೇ ನಿಮ್ಮ ಎಲ್ಲ ಕಾಗದಗಳಿಗೆ ಬುಡ.

ಇನ್ನು ಹಡಗಿನ ಪಕ್ಕ. ಎಲ್ಲ ಹಡಗಿನಲ್ಲೂ ಸ್ಲಡ್ಜ್ ಇಳಿಸುವ ಫ್ಲೇಂಜಿನ (ಪೈಪಿನ ತುದಿಯಲ್ಲಿ ಬೋಲ್ಟ್ ಬಿಗಿಯುವ ಬಳೆ) ಅಳತೆ ಒಂದೇ: ಹೊರವ್ಯಾಸ 215 ಮಿಮೀ, ಬೋಲ್ಟ್ ವೃತ್ತ 183 ಮಿಮೀ, 22 ಮಿಮೀನ 6 ತೂತು, ದಪ್ಪ 20 ಮಿಮೀ, 20 ಮಿಮೀನ 6 ಬೋಲ್ಟ್. ನಿಮ್ಮ ಹೋಸಿನ ತುದಿಗೆ ಇದೇ ಅಳತೆಯ ಫ್ಲೇಂಜ್ ಬೆಸೆದ ಅಡಾಪ್ಟರ್ ಇರಲಿ, ಒಂದಲ್ಲ, ಎರಡು. ಚರಂಡಿ ನೀರಿನ ಫ್ಲೇಂಜ್ ನೋಡಲು ಹಾಗೇ ಇದ್ದರೂ ಅದು 210 ಮಿಮೀ, 4 ಬೋಲ್ಟ್. ಅಡಾಪ್ಟರ್ ಅದಲುಬದಲಾದರೆ ಕೂರುವುದಿಲ್ಲ. ತೂತು ಸೇರಲಿಲ್ಲ ಎಂದು 6ರ ಜಾಗದಲ್ಲಿ 3 ಬೋಲ್ಟ್ ಹಾಕಿ ಪಂಪ್ ಶುರು ಮಾಡುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಗ್ಯಾಸ್ಕೆಟ್ ಒಂದು ಬದಿಯಲ್ಲಿ ಬಾಯಿಬಿಟ್ಟು ಬಿಸಿ ಸ್ಲಡ್ಜ್ ಹಡಗಿನ ಮೈಮೇಲೆ ಇಳಿಯುತ್ತದೆ, ಅಲ್ಲಿಂದ ನೀರಿಗೆ. ಫ್ಲೇಂಜಿನ ಕೆಳಗೆ ಟ್ರೇ ಇರಲಿ, ಡೆಕ್ಕಿನ ನೀರು ಹೊರಹೋಗುವ ಸ್ಕಪರ್‌ಗಳಿಗೆ ಬಿರಡೆ ಬಿದ್ದಿರಲಿ, ಟ್ಯಾಂಕ್ 90% ಆದಾಗ ನಿಲ್ಲಿಸಿ. ಬಿಸಿ ಸ್ಲಡ್ಜ್ ನೊರೆ ಬರುವುದರಿಂದ ಟ್ಯಾಂಕಿನ ಮಟ್ಟ ನೋಡುವ ಸೌಂಡಿಂಗ್ ಟೇಪಿನ ಅಳತೆ ಮೋಸ ಮಾಡುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಳೆಯಿರಿ.

ಜಗಳ ಹುಟ್ಟುವುದು ಲೆಕ್ಕದಲ್ಲಿ. ಚೀಫ್ ಇಂಜಿನಿಯರ್ ತಮ್ಮ ರೆಕಾರ್ಡ್ ಬುಕ್ಕಿನ ಸಿ 12.1ರಲ್ಲಿ ಇಂಥ ಟ್ಯಾಂಕಿನಿಂದ ಇಷ್ಟು ಘನ ಮೀಟರ್ ಕೊಟ್ಟೆ, ಇಷ್ಟು ಉಳಿಯಿತು ಎಂದು ಬರೆಯುತ್ತಾರೆ. ಮಂಡಳಿಯ ಕಾಗದದಲ್ಲಿ ಟನ್ ಇರುತ್ತದೆ. 20 ಘನ ಮೀಟರ್, ಸಾಂದ್ರತೆ 0.95 ಎಂದಾದರೆ 19 ಟನ್. ಕೊಚ್ಚಿಗೆ ಮುಟ್ಟುವಷ್ಟರಲ್ಲಿ ನೀರು ತಳದಲ್ಲಿ ಕೂತಿರುತ್ತದೆ. ಘಟಕದವರು ನೀರು ಕಳೆದು 13 ಟನ್ ಎಂದು ರಸೀದಿ ಕೊಟ್ಟರೆ ಉಳಿದ 6 ಟನ್ ಎಲ್ಲಿ ಚೆಲ್ಲಿದಿರಿ ಎಂಬ ಪ್ರಶ್ನೆ ನಿಮ್ಮ ಮೇಲೆ ಬರುತ್ತದೆ. ಅದಕ್ಕೇ ಘನ ಮೀಟರ್, ಟನ್, ಉಷ್ಣಾಂಶ, ನೀರಿನ ಅಂದಾಜು ಈ ನಾಲ್ಕೂ ಎರಡೂ ತುದಿಯ ಕಾಗದದಲ್ಲಿರಲಿ. ಎರಡೂ ಕಡೆಯವರ ಎದುರಿಗೇ ಮಾದರಿ ತೆಗೆದು ಬಾಟಲಿಗೆ ಸೀಲ್ ಮಾಡಿ ಒಂದನ್ನು ಹಡಗಿನಲ್ಲೇ ಬಿಡಿ. ಇಳಿಸಿ ಮುಗಿಯುವ ಮೊದಲೇ ರಸೀದಿಗೆ ಸಹಿ ಹಾಕಬೇಡಿ, ಹಾಕಿಸಲೂ ಬೇಡಿ.

ಫಾರ್ಮ್_ಹತ್ತು:
ಮ್ಯಾನಿಫೆಸ್ಟಿನ ಪ್ರತಿಗಳನ್ನೂ ಹೇಳಿಬಿಡುತ್ತೇನೆ, ಬಣ್ಣ ಕಲಸಿಕೊಳ್ಳುವವರು ಬಹಳ. ಫಾರ್ಮ್ 10ಕ್ಕೆ 7 ಪ್ರತಿ. ಏಳಕ್ಕೂ ಸಹಿ ಹಾಕಿ ಬಿಳಿಯದನ್ನು ನಿಮ್ಮ ಮಂಡಳಿಗೆ ಕಳಿಸಿ. ಹಳದಿ, ಸಾಗಿಸುವವರ ಸಹಿಯೊಂದಿಗೆ, ನಿಮ್ಮ ಬಳಿ. ಉಳಿದ ಐದು ಬಾರ್ಜಿನ ಜೊತೆ ಹೋಗುತ್ತವೆ. ಗುಲಾಬಿ ಪಡೆದವರಲ್ಲಿ ಉಳಿಯುತ್ತದೆ, ಕಿತ್ತಳೆ ಸಾಗಿಸಿದವರಿಗೆ, ಹಸಿರು ಪಡೆದವರು ತಮ್ಮ ಮಂಡಳಿಗೆ ಕಳಿಸುವುದು, ನೀಲಿ ನಿಮಗೆ ವಾಪಸ್, ಬೂದು ಬಣ್ಣದ್ದು ಕಳುಹಿಸಿದವರ ರಾಜ್ಯದ ಮಂಡಳಿಗೆ. ಲಾರಿಯಲ್ಲಿ ರಾಜ್ಯದೊಳಗೇ ಓಡಿಸಿದವರಿಗೆ ಈ ಬೂದು ಪ್ರತಿಯ ಅಭ್ಯಾಸವೇ ಇರುವುದಿಲ್ಲ, ನಿಮಗೆ ಅದು ಪ್ರತಿ ಸಲ ಬೇಕು. ನೀಲಿ ಪ್ರತಿ ಬರುವ ತನಕ ಆ ಯಾನದ ಕಡತ ಮುಚ್ಚಬೇಡಿ.

ಫಾರ್ಮ್ 9ರ ತುರ್ತು ಕಾರ್ಡ್ ವೀಲ್‌ಹೌಸಿನಲ್ಲಿರಲಿ. ಫಾರ್ಮ್ 8ರ ಲೇಬಲ್ ಹೊಳೆಯುವ ಹಳದಿಯ ಮೇಲೆ ಕೆಂಪಕ್ಷರ. ಹಿಂದಿ, ಇಂಗ್ಲಿಷ್ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಕನ್ನಡದ ಸಾಲು ಬಿಡಬೇಡಿ, ಡೆಕ್ಕಿನ ಮೇಲೆ ಓಡಾಡುವ ಹುಡುಗರು ಓದುವುದು ಅದನ್ನೇ. ದಿನವಹಿ ಲೆಕ್ಕ ಫಾರ್ಮ್ 3ರಲ್ಲಿ, ವಾರ್ಷಿಕ ವರದಿ ಫಾರ್ಮ್ 4ರಲ್ಲಿ ಜೂನ್ 30ರೊಳಗೆ.

ಅಳಿವೆಬಾಗಿಲು:
ಚೆಲ್ಲಿದರೆ ಏನು ಮಾಡುವುದು ಎಂದೂ ಬರೆದಿಟ್ಟುಕೊಳ್ಳಿ. ಬಂದರಿನೊಳಗಾದರೆ ಮೊದಲು ವಿಎಚ್‌ಎಫ್‌ನಲ್ಲಿ ಪೋರ್ಟ್ ಕಂಟ್ರೋಲ್, ಹೊರಗಾದರೆ ಕೋಸ್ಟ್ ಗಾರ್ಡ್, ಆಮೇಲೆ ಮಂಡಳಿಗೆ ಫಾರ್ಮ್ 11. ತೈಲ ಸೋರಿಕೆ ಎದುರಿಸುವ ರಾಷ್ಟ್ರೀಯ ಯೋಜನೆಯಲ್ಲಿ 700 ಟನ್ ತನಕದ ಸೋರಿಕೆ ಮೊದಲ ಹಂತದ್ದು, ಬಂದರಿನ ಬೂಮ್ (ಎಣ್ಣೆ ಹರಡದಂತೆ ತಡೆಯುವ ತೇಲುಬೇಲಿ), ಎಣ್ಣೆ ಎತ್ತುವ ಸ್ಕಿಮ್ಮರ್‌ಗಳೇ ಬರುತ್ತವೆ. ಆದರೆ ಅವು ಬರುವ ತನಕದ ಹೊತ್ತು ನಿಮ್ಮದು. ಹಡಗಿನ ಪಕ್ಕ ನಿಲ್ಲುವಾಗಲೇ ಸುತ್ತ ಬೂಮ್ ಹಾಕಿ.

ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕು ಇಟ್ಟುಕೊಂಡು ಕೊಚ್ಚಿಗೆ ಹೊರಡಬೇಡಿ. ಒಳಗಿನ ಸ್ಲಡ್ಜ್ ಒಂದೇ ಬದಿಗೆ ಓಡಿ ಬಾರ್ಜ್ ವಾಲುತ್ತದೆ. ಆ ತಿಂಗಳುಗಳಿಗೆ ಲಾರಿಯ ದಾರಿಯನ್ನೂ ಅದೇ ಫಾರ್ಮ್ 1ರಲ್ಲಿ ಸೇರಿಸಿ ಕೇಳಿ. ಒಟ್ಟಿಗೆ ಕೇಳಿದರೆ ಒಂದೇ ಸಲ ಸಿಗುತ್ತದೆ, ಜೂನಿನಲ್ಲಿ ತಿದ್ದುಪಡಿಗೆ ಓಡಾಡುವ ಕೆಲಸ ತಪ್ಪುತ್ತದೆ.