ನಾವು ಲೀಗಲ್ಲಾಗಿ ಬಂದವರು, ನಿಜ. ಮಕ್ಕಳ ಮುಂದೆ ಏನು ಮಾತಾಡ್ತಿದ್ದೀವಿ?

ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು: "ಸಾಲಲ್ಲಿ ನಿಂತು ಬಂದವರು ನಾವು. ಬೇಲಿ ಹಾರಿದವರ ಮೇಲೆ ನಮಗ್ಯಾಕೆ ಕನಿಕರ?" ಆ ಸಿಟ್ಟು ನನಗೂ ಗೊತ್ತು. ಅಮೆರಿಕದಲ್ಲಿ ಕಾಯಂ ಆಗಿ ಉಳಿಯಲು ಬೇಕಾದ ಗ್ರೀನ್ ಕಾರ್ಡ್‌ಗೆ ನಾವು ಅರ್ಜಿ ಹಾಕಿ ಒಂಬತ್ತು ವರ್ಷವಾಯಿತು. ವರ್ಷಕ್ಕೆ ಕೊಡುವ ಉದ್ಯೋಗ ಆಧಾರಿತ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇ 7 ಅನ್ನುವ ಮಿತಿಯಲ್ಲಿ ಸರದಿ ತೆವಳುತ್ತಲೇ ಇದೆ. ಎರಡು ವರ್ಷದವಳಿದ್ದಾಗ ಎತ್ತಿಕೊಂಡು ಬಂದ ಮಗಳು ಈಗ ಮಿಡ್ಲ್ ಸ್ಕೂಲು, ಇನ್ನೂ ಎಚ್-4, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾದ ಆಸರೆಯಲ್ಲಿ ಮಕ್ಕಳಿಗೆ 21 ತುಂಬುವವರೆಗೆ ಸಿಗುವ ವೀಸಾ.

ಆದರೂ ಆ ಪ್ರಶ್ನೆಗೆ ಉತ್ತರ ಬರೆಯಲೇಬೇಕು ಅನ್ನಿಸಿತು.

ಒಂದು ಸಂಜೆ ಮಗಳು ಫೋನ್ ಹಿಡಿದು ಅಡುಗೆಮನೆಗೆ ಬಂದಳು. ಶ್ವೇತಭವನವೇ 2025ರ ಫೆಬ್ರುವರಿ 18ರಂದು ಹಾಕಿದ್ದ ವಿಡಿಯೊ. ಗಡೀಪಾರಾಗುತ್ತಿರುವ ಮನುಷ್ಯನ ಕೈಕಾಲಿಗೆ ಬೇಡಿ, ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟ ಸರಪಳಿ. ಮಾತಿಲ್ಲ, ಕಬ್ಬಿಣದ ಕಣಕಣ ಸದ್ದು. ಅದಕ್ಕೆ ಕೊಟ್ಟ ಹೆಸರು ‘ಎಎಸ್‌ಎಂಆರ್’. ಮಕ್ಕಳು ಮಲಗುವ ಮುಂಚೆ ಸೋಪು ಕತ್ತರಿಸುವ, ಪುಟ ತಿರುವುವ ಸದ್ದು ಕೇಳ್ತಾರಲ್ಲ, ಅದೇ ಹೆಸರು. "ಅಮ್ಮ, ಇದನ್ನ ಕೇಳಿ ಯಾರಿಗೆ ನಿದ್ದೆ ಬರುತ್ತೆ?" ಅಂದಳು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೂತೆ.

ಅದಕ್ಕೂ ಎರಡು ವಾರ ಮುಂಚೆ, ಫೆಬ್ರುವರಿ 5ರಂದು, 104 ಭಾರತೀಯರನ್ನು, ಹಲವರಿಗೆ ಬೇಡಿ ಹಾಕಿ, ಅಮೆರಿಕದ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ್ದರು. ಮರುದಿನ ರಾಜ್ಯಸಭೆಯಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಕೊಟ್ಟ ಲೆಕ್ಕ ನಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? 2009ರಿಂದ ಅಮೆರಿಕ ವಾಪಸು ಕಳಿಸಿದ್ದು 15,756 ಭಾರತೀಯರನ್ನು. 2019 ಒಂದರಲ್ಲೇ 2,042. ಒಬಾಮ ಕಾಲದಲ್ಲೂ ಆಯಿತು, ಬೈಡನ್ ಕಾಲದಲ್ಲೂ ಆಯಿತು. ಅಂದರೆ ಕಾನೂನು ಮೊದಲೂ ಇತ್ತು, ಈಗ ಅದನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ನನ್ನ ತಕರಾರು ಆ ಪ್ರದರ್ಶನದ ಬಗ್ಗೆ.

ಗಡಿ ಕಾಯಬೇಡಿ ಅನ್ನುವವಳಲ್ಲ ನಾನು. 2022ರ ಜನವರಿಯಲ್ಲಿ ಗುಜರಾತಿನ ಡಿಂಗುಚಾದ ಅಪ್ಪ, ಅಮ್ಮ, ಹನ್ನೊಂದರ ಹುಡುಗಿ, ಮೂರರ ಕೂಸು ಕೆನಡಾದ ಮ್ಯಾನಿಟೋಬದಲ್ಲಿ, ಅಮೆರಿಕದ ಗಡಿಗೆ ಕೂಗಳತೆಯಲ್ಲಿ, ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಅವರನ್ನು ಸಾಗಿಸಿದ ಜಾಲದ ಇಬ್ಬರನ್ನು 2024ರ ನವೆಂಬರ್‌ನಲ್ಲಿ ಮಿನ್ನೆಸೋಟದ ಜ್ಯೂರಿ ತಪ್ಪಿತಸ್ಥರೆಂದಿತು. ಆ ಏಜೆಂಟರನ್ನು ಹಿಡಿಯಿರಿ, ಬೇರುಸಮೇತ ಕೀಳಿರಿ. ಬರೀ ಕಣ್ಣೀರು ತೋರಿಸುವ ಚಾನೆಲ್‌ಗಳು ಈ ಏಜೆಂಟರ ವಿಷಯಕ್ಕೆ ಬರುವುದೇ ಅಪರೂಪ, ಅದೂ ತಪ್ಪೇ.

ಇನ್ನು ಅಂಕಿ. 2022ಕ್ಕೆ ಅಮೆರಿಕದಲ್ಲಿ ದಾಖಲೆಯಿಲ್ಲದ ಭಾರತೀಯರು 7,25,000 ಅಂತ ಪ್ಯೂ ಸಂಶೋಧನಾ ಸಂಸ್ಥೆಯ ಅಂದಾಜು. ಅದೇ ವರ್ಷಕ್ಕೆ ಇಲ್ಲಿನ ಸರ್ಕಾರದ್ದೇ ಅಂದಾಜು 2,20,000. ಯಾವ ಸಂಖ್ಯೆ ಪರದೆ ಮೇಲೆ ಬರುತ್ತದೋ ಅದರ ಮೇಲೆ ನಮ್ಮ ಎದೆಬಡಿತ.

ಪದದ ವಿಷಯಕ್ಕೆ ಬರ್ತೀನಿ. ಮನುಷ್ಯನನ್ನೇ ‘ಇಲ್ಲೀಗಲ್’ ಅನ್ನುವುದನ್ನು ಎಪಿ ಸುದ್ದಿಸಂಸ್ಥೆ 2013ರಲ್ಲೇ ಬಿಟ್ಟಿತು. ಕೃತ್ಯಕ್ಕೆ ಆ ಪದ ಬಳಸಿ, ವ್ಯಕ್ತಿಗಲ್ಲ ಅಂದಿತು. ನಮ್ಮ ಕನ್ನಡದಲ್ಲಿ ‘ಅಕ್ರಮ ವಲಸಿಗ’, ಸಿಟ್ಟು ಬಂದರೆ ‘ನುಸುಳುಕೋರ’. 2020ರ ಜನವರಿ ನೆನಪಿದೆಯಾ? ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರೆಂದು ಗುಲ್ಲೆಬ್ಬಿಸಿ ಗುಡಿಸಲು ಕೆಡವಿದರು. ಅಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿ ಕುಟುಂಬಗಳೂ ಇದ್ದವು. ಅಸ್ಸಾಂ, ಬಂಗಾಳದವರು ಗುರುತಿನ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದರು. ಜೆಸಿಬಿಗೆ ಚೀಟಿ ಓದಲು ಬರುವುದಿಲ್ಲ.

ಟಿವಿಯಲ್ಲಿ ಬೇಲಿಯೇ ಕಾಣುವುದರಿಂದ ಇನ್ನೊಂದು ಮರೆತುಹೋಗಿದೆ. ಗಡಿ ಕದ್ದು ದಾಟುವುದು ಅಪರಾಧ. ವೀಸಾ ಮೇಲೆ ಬಂದು ಅವಧಿ ಮೀರಿ ಉಳಿಯುವುದು ಸಿವಿಲ್ ಉಲ್ಲಂಘನೆ. ಎರಡಕ್ಕೂ ಗಡೀಪಾರು ಆಗಬಹುದು, ಸುದ್ದಿಯಲ್ಲಿ ಎರಡಕ್ಕೂ ಒಂದೇ ಹೆಸರು. ಇದನ್ನೇ ಮಗಳಿಗೆ ಬಿಡಿಸಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಂಗೆ 21 ಆಗೋ ಹೊತ್ತಿಗೆ ಕಾರ್ಡ್ ಬರದೆ, ನಾನು ಇಲ್ಲೇ ಇದ್ಬಿಟ್ರೆ, ನಾನೂ ಇಲ್ಲೀಗಲ್ಲಾ?"

ಅಷ್ಟರೊಳಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ, ಮಾಡಿಸ್ತೀವಿ, ಅಪ್ಪ ಲಾಯರ್ ಹತ್ತಿರ ಮಾತಾಡಿದ್ದಾರೆ ಅಂತೆಲ್ಲ ಹೇಳಿದೆ. ಅವಳು ಕೇಳಿದ್ದು ಅದನ್ನಲ್ಲ. ನಿಮ್ಮ ಮನೆಯಲ್ಲೂ ಎಚ್-4 ಮಕ್ಕಳಿದ್ದಾರೆ. ಈ ಪ್ರಶ್ನೆ ಬಂದಿದ್ದರೆ ಏನು ಹೇಳಿದಿರಿ, ದಯವಿಟ್ಟು ಬರೀರಿ.