ಸಂಧಿವಾತಕ್ಕ ಮೆಥೊಟ್ರೆಕ್ಸೇಟ್ ಬಿಟ್ಟು ಎಲ್‌ಡಿಎನ್ ಹಿಡದವ್ರು ಯಾರರ ಅದೀರೇನ್ರಿ?

ಧಾರವಾಡದಾಕಿ:
ಎಲ್ಲಾರಿಗೂ ನಮಸ್ಕಾರ್ರಿ. ನಂಗ 41 ವಯಸ್ಸು, ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಎಂಜಿ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್. ಮೊದಲ ಮುಂಜಾನೆ ಬಟ್ಟು ಮಡಚಾಕ ಬರ್ತಿರ್ಲಿಲ್ಲ, ಈಗ ಎಂಟ್ಹತ್ತು ರೊಟ್ಟಿ ಬಡೀತೇನಿ, ಗುಳಿಗಿ ಕೆಲಸ ಮಾಡೇತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ರವಿವಾರ ರಾತ್ರಿ ತಗೊಂಡ್ರ ಸೋಮವಾರ ಇಡೀ ದಿನ ಹೊಟ್ಟಿ ತೊಳಸ್ತೈತಿ, ಒಗ್ಗರಣಿ ವಾಸ್ನಿ ಬಂದ್ರ ಸಾಕು ವಾಂತಿ ಬಂದಂಗ ಆಗ್ತೈತಿ, ಕೂದ್ಲ ಉದುರ್ತಾವ, ಲಿವರ್ ರಿಪೋರ್ಟ್ ಬರೂತನಾ ಎದಿ ಡವಡವ. ಕಾಕಾನ ಮಗ ಅಮೆರಿಕಾದಿಂದ ಫೋನ್ ಮಾಡಿ ಎಲ್‌ಡಿಎನ್ ಅಂತ ಐತಿ, ನಾಲ್ಟ್ರೆಕ್ಸೋನ್ ಗುಳಿಗಿ ಭಾಳ ಸಣ್ಣ ಡೋಸ್, ಅದನ್ನ ಹಿಡಿ ಇವೆಲ್ಲಾ ಬಿಡು ಅಂದ. ಅತ್ತಿಯವ್ರು ಹಳ್ಳಿ ಕಡೆಯಿಂದ ಒಂದು ಪುಡಿ ತರಸ್ಯಾರ, ಮ್ಯಾಲ ಅಮೃತಬಳ್ಳಿ ಕಷಾಯ, ಇಮ್ಯುನಿಟಿ ಬರ್ತೈತಿ ಅಂತ. ಡಾಕ್ಟರ್ ಮುಂದ ಹೇಳಾಕ ಅಂಜಿಕಿ.

ಗದಗಿನವ:
ಅಕ್ಕಾರ, ಪುಡಿ ಮಾತ್ರ ಬಾಯಿಗೆ ಹಾಕ್ಬ್ಯಾಡ್ರಿ, ಕೈ ಮುಗೀತೇನಿ. ನಮ್ಮವ್ವಗೂ ಇದ ಬ್ಯಾನಿ. ಪುಡಿ ಚಾಲೂ ಮಾಡಿದ ಮೂರ ದಿನಕ್ಕ ನೋವು ಮಾಯ, ಅವ್ವ ಅಂಗಳ ಸಾರ್ಸಾಕ ನಿಂತ್ಲು, ನಾವೆಲ್ಲಾ ದೇವ್ರು ಕಣ್ ಬಿಟ್ಟ ಅಂದ್ವಿ. ನಾಕ ತಿಂಗಳಿಗೆ ಮುಖ ದುಂಡಗ ಬಾತು, ಶುಗರ್ ಬಂತು. ಪುಡಿ ತೀರಿತು, ಹೊಸಾದು ಸಿಗಲಿಲ್ಲ, ಒಂದ ವಾರದಾಗ ಬಿಪಿ ಇಳದು ಬಚ್ಚಲದಾಗ ಬಿದ್ಲು. ದವಾಖಾನ್ಯಾಗ ಕಾರ್ಟಿಸೋಲ್, ಅಂದ್ರ ಮೈ ತಾನ ಮಾಡೋ ಸ್ಟೀರಾಯ್ಡ್, ಟೆಸ್ಟ್ ಮಾಡ್ಸಿದ್ರ ಭಾಳ ಕಡಿಮಿ. ಪುಡಿಯೊಳಗ ಸ್ಟೀರಾಯ್ಡ್ ಇದ್ದಿರಬೇಕು ಅಂದ್ರು. ಹೊರಗಿಂದ ಸ್ಟೀರಾಯ್ಡ್ ದಿನಾ ಹೋದ್ರ ಮೈ ತಂದ ತಾ ಮಾಡೂದು ನಿಲ್ಲಸ್ತೈತಂತ, ಒಮ್ಮಿಗಲೇ ಬಿಟ್ರ ಹಿಂಗಾಗ್ತೈತಂತ. ಪುಡಿಯೊಳಗ ಏನಿತ್ತು ಅಂತ ಚೀಟಿ ಇಲ್ಲ, ಬಿಲ್ ಇಲ್ಲ, ಯಾರನ್ನ ಕೇಳೂದು.

ಹಾವೇರಿ ಮೆಡಿಕಲ್ ಶಾಪ್:
ನಾ ಫಾರ್ಮಸಿ ಕಲ್ತಾವ. ನಾಲ್ಟ್ರೆಕ್ಸೋನ್ 50 ಎಂಜಿ ಗುಳಿಗಿ ಬರೂದು ಅಫೀಮು, ಸೆರೆ ಚಟ ಬಿಡಸಾಕ. ಎಲ್‌ಡಿಎನ್ ಅಂದ್ರ ಅದ 1.5ರಿಂದ 4.5 ಎಂಜಿ. ಹಳೇ ಔಷಧ ಹೊಸ ರೋಗಕ್ಕ ಬರೂದಿಲ್ಲ ಅಂತಲ್ಲ, ನೀವು ತಗೊಳ್ಳೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾದ್ದು, ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ದು, ಸಂಧಿವಾತಕ್ಕ ಪರೀಕ್ಷೆ ಆದ ಮ್ಯಾಲ 1988ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ತು. ಎಲ್‌ಡಿಎನ್‌ಗೆ ಅಂಥಾ ದೊಡ್ಡ ಪರೀಕ್ಷೆ ಸಂಧಿವಾತದಾಗ ಆಗಿಲ್ಲ. ಇನ್ನೊಂದು, ನೋವಿಗೆ ಟ್ರಮಡಾಲ್ (ಅದೂ ಅಫೀಮಿನ ಜಾತಿದ) ತಗೊಳ್ತಿದ್ರ ಎಲ್‌ಡಿಎನ್ ಕೂಡ ಆಗಂಗಿಲ್ಲ, ಎಲ್‌ಡಿಎನ್ ಟ್ರಮಡಾಲ್ ಕೆಲಸಾನ ತಡೀತೈತಿ. ಅಮೃತಬಳ್ಳಿ ಬಗ್ಗೆ 2021ರಾಗ ಮುಂಬಯಿ ಡಾಕ್ಟರ್‌ಗಳು ಕುಡದವ್ರ ಲಿವರ್‌ಗೆ ಪೆಟ್ಟಾದ ಆರು ಕೇಸ್ ಬರದಾರ, ಆಯುಷ್ ಸಚಿವಾಲಯ ಒಪ್ಪಲಿಲ್ಲ ಖರೆ, ಆದ್ರ ನಿಮಗ ಮೊದಲ ಲಿವರ್ ಚಿಂತಿ ಐತಿ, ಮತ್ತ ನಿಮ್ಮ ಬ್ಯಾನ್ಯಾಗ ಇಮ್ಯುನಿಟಿನ ಮನಿ ಮಂದಿ ಮ್ಯಾಲ ತಿರುಗಿ ಬಿದ್ದೈತಿ, ಅದನ್ನ ಯಾಕ ಇನ್ನಷ್ಟ ಎಬ್ಬಸ್ತೀರಿ.

ವಿದ್ಯಾನಗರ ಹುಬ್ಬಳ್ಳಿ:
ನಾ ಎಲ್‌ಡಿಎನ್ ತಗೊಂಡೇನಿ, ಡಾಕ್ಟರ್‌ಗೆ ಹೇಳೇ ತಗೊಂಡೆ, ಅವ್ರು ಬೈಲಿಲ್ಲ, ಮೆಥೊಟ್ರೆಕ್ಸೇಟ್ ಬಿಡಬ್ಯಾಡ, ಎರಡೂ ಕೂಡೇ ನಾಕ ತಿಂಗಳ ನೋಡೂಣು ಅಂದ್ರು. ರಾತ್ರಿ ಏನೇನೋ ಕನಸು ಬೀಳ್ತಿದ್ವು. ನೋವು ಕಡಿಮಿ ಅನಸ್ತು, ಖರೇನ ಅನಸ್ತು. ಆದ್ರ ಡಾಕ್ಟರ್ ಗೆಣ್ಣು ಒತ್ತಿ ನೋಡಿದ್ರ ಬಾವು ಹಂಗ ಇತ್ತು, ರಕ್ತದಾಗ ಉರಿಯೂತ ಎಷ್ಟೈತಿ ತೋರಸೋ ಸಿಆರ್‌ಪಿನೂ ಇಳದಿರ್ಲಿಲ್ಲ. ನಾ ಒಬ್ಬಾಕಿ ಹೇಳಿದ್ದರಿಂದ ಔಷಧದ್ದು ತೀರ್ಮಾನ ಆಗೂದಿಲ್ಲ, ಆದ್ರ ನೋವು ಇಲ್ಲಂತ ಮೆಥೊಟ್ರೆಕ್ಸೇಟ್ ಬಿಟ್ಟು ಕುಂತಿದ್ರ ಒಳಗ ಎಲುವು ತಿನ್ಕೊಂತ ಹೋಗ್ತಿತ್ತು, ನಂಗ ತಿಳೀತಾನೂ ಇರ್ಲಿಲ್ಲ. ಸವದ ಕೀಲು ತಿರುಗಿ ಬರೂದಿಲ್ಲ. ಹೊಟ್ಟಿ ತೊಳಸೂದು ನಂಗೂ ಇತ್ರಿ, ಗುಳಿಗಿ ಬದಲಿ ಇಂಜೆಕ್ಷನ್ ಮಾಡಿದ್ರು, ಫೋಲಿಕ್ ಆಸಿಡ್ ಹೆಚ್ಚ ಮಾಡಿದ್ರು, ಭಾಳ ಹಗರಾತು. ನಿಮಗ ಫೋಲಿಕ್ ಆಸಿಡ್ ಕೊಟ್ಟಾರೇನು?

ಧಾರವಾಡದಾಕಿ:
ಕೊಟ್ಟಿದ್ರು, ನಾನ ಶಕ್ತಿ ಗುಳಿಗಿ ಅಂತ ತಿಳದು ಎರಡು ತಿಂಗಳಿಂದ ಬಿಟ್ಟೇನಿ! ಮತ್ತ ಮೆಡಿಕಲ್ ಶಾಪ್ ಅಣ್ಣಾರ, ಪಟ್ಟಿ ತಗದು ನೋಡಿದೆ, ನೋವು ಹೆಚ್ಚಾದಾಗ ತಗೊಳ್ಳೋ ಗುಳಿಗ್ಯಾಗ ಟ್ರಮಡಾಲ್ ಐತಿ. ಗುರುವಾರ ಓಪಿಡಿ ಐತಿ, ಪುಡಿ ಪೊಟ್ಟಣಾನೂ ಚೀಲದಾಗ ಇಟ್ಟೇನಿ, ಡಾಕ್ಟರ್‌ಗೆ ತೋರಸ್ತೇನಿ. ಗದಗಿನ ತಮ್ಮಾ, ಅವ್ವಾರು ಈಗ ಹೆಂಗದಾರ?